ಕರಿಂಡಿ ಗಡಿಗೆ, ಕೋಸಿನ ಪೀಪಾಯಿ

ಉತ್ತರ ಕರ್ನಾಟಕದ ಊಟದ ಬಗ್ಗೆ ಈಚೆಗೆ ಯಾರೇ ಬರೆಯಲಿ, ಕರಿಂಡಿಯ ಹೆಸರು ಬಂದ ಕೂಡಲೇ ‘ಇದು ನಮ್ಮ ಕಿಮ್ಚಿ’ ಎನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. ಹೇಳುವವರಿಗೆ ಅದರಲ್ಲೊಂದು ಹೆಮ್ಮೆ. ಕೊರಿಯಾದ ಧಾರಾವಾಹಿಗಳನ್ನು ನೋಡಿ ಬೆಳೆದ ನನ್ನ ವಾರಿಗೆಯವರಿಗಂತೂ, ಆಯಿಯ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದ ಗಡಿಗೆಗೆ ಜಗತ್ತು ಗುರುತಿಸುವ ಒಂದು ಹೆಸರು ಸಿಕ್ಕಿತೆಂಬ ಖುಷಿ. ಹಾಸ್ಟೆಲ್ಲಿನಲ್ಲಿ ನಾನು ಕರಿಂಡಿ ಡಬ್ಬಿಯ ಮುಚ್ಚಳ ತೆಗೆದರೆ ಕಿಟಕಿ ತೆರೆಯಲು ಓಡುತ್ತಿದ್ದ ಗೆಳತಿಯರೇ ಈಗ ಅದನ್ನು ಕಿಮ್ಚಿ ಎಂದು ಕೇಳಿ ತಿನ್ನುತ್ತಾರೆ. ಆದರೆ ಹಳೆಯ ಬಿಜಾಪುರ ಜಿಲ್ಲೆಯ ಬರ ಮತ್ತು ಆಹಾರದ ಮೇಲೆ ಪಿಎಚ್.ಡಿ. ಕೆಲಸ ಮಾಡುತ್ತಿರುವ ನನಗೆ ಈ ಹೋಲಿಕೆ ಕಿವಿಗೆ ಬಿದ್ದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಇಲ್ಲಿ ಹೋಲುವುದು ಯಾವುದು? ರುಚಿಯೋ, ಮಾಡುವ ರೀತಿಯೋ, ಮಾಡಬೇಕಾಗಿ ಬಂದ ಕಾರಣವೋ? ಎರಡನೆಯದು, ಕಿಮ್ಚಿಗೆ ಇತಿಹಾಸ ಬರೆದವರಿದ್ದಾರೆ, ಕರಿಂಡಿಗೆ ಯಾಕಿಲ್ಲ?

ದಕ್ಷಿಣದ ಓದುಗರಿಗಾಗಿ ಮೊದಲು ಕರಿಂಡಿ ಎಂದರೇನು ಹೇಳಿಬಿಡುತ್ತೇನೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದು, ಕುಟ್ಟಿದ ಅಗಸಿ ಸೇರಿಸಿ, ಅದರೊಳಗೆ ಸವತಿಕಾಯಿ, ಗಜ್ಜರಿ, ಮೆಂತೆಪಲ್ಲೆ, ಎಳೆಯ ಬದನೆಕಾಯಿ ಇಂಥವನ್ನು ಹಸಿಯಾಗಿಯೇ ಹೆಚ್ಚಿ ಹಾಕಿ, ಗಡಿಗೆಯಲ್ಲೋ ಚೀನಿ ಭರಣಿಯಲ್ಲೋ ತುಂಬಿ, ಬಾಯಿಗೆ ಅರಿವೆ ಕಟ್ಟಿ ಇಡುವುದು. ಮೂರು ದಿನಕ್ಕೆ ಹುಳಿ ವಾಸನೆ ಏಳುತ್ತದೆ, ವಾರಕ್ಕೆ ಹದ. ಒಲೆಯ ಮೇಲೆ ಇಡುವ ಮಾತೇ ಇಲ್ಲ. ದಿನಕ್ಕೊಮ್ಮೆ ಕೈಯಾಡಿಸಬೇಕು, ಆ ಕೈ ಒದ್ದೆ ಇರಬಾರದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಪಲ್ಲೆಗಳ ಜೊತೆ ಇದು ಇರಲೇಬೇಕು. ಹೆಸರು ‘ಖಾರ ಹಿಂಡಿ’ ಸವೆದು ಆದದ್ದೆಂದು ನನ್ನ ಊಹೆ. ನಮ್ಮ ಕಡೆ ಅರೆದ, ಕುಟ್ಟಿದ ಚಟ್ನಿಗೆಲ್ಲ ಹಿಂಡಿ ಎಂದೇ ಅನ್ನುವುದು, ಅಗಸಿ ಹಿಂಡಿ ಅಂದ ಹಾಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನಾನು ಕೇಳಿದ ಮನೆಗಳಲ್ಲಿ ಎರಡು ಮನೆಯ ಕರಿಂಡಿ ಒಂದೇ ಥರ ಇರಲಿಲ್ಲ. ಇಂಡಿಯ ಕಡೆಯವರು ಲಿಂಬೆರಸವನ್ನು ಮೊದಲಿಗೇ ಹಿಂಡುತ್ತಾರೆ, ಅಲ್ಲಿ ಲಿಂಬೆಗೆ ಬರವಿಲ್ಲ. ಮುದ್ದೇಬಿಹಾಳದ ಒಂದು ಮನೆಯಲ್ಲಿ ಹಸಿ ಹುಣಸಿಕಾಯಿ ಜಜ್ಜಿ ಹಾಕುತ್ತಾರೆ. ಕೆಲವರು ಸಾಸಿವೆ ಪುಡಿ ಸೇರಿಸುತ್ತಾರೆ, ಕೆಲವರಿಗೆ ಅದು ಅಪಚಾರ. ಅಳತೆ ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ. ಸಿಂದಗಿ ತಾಲೂಕಿನ ಒಬ್ಬ ಆಯಿ ನನ್ನ ನೋಟ್‌ಬುಕ್ ನೋಡಿ, “ಇದು ಬರಕೊಂಡು ಮಾಡೂದಲ್ಲವಾ ತಂಗಿ, ಮೂಸಿ ನೋಡಿ ಮಾಡೂದು” ಎಂದರು.

ಮೂಸಿ ನೋಡುವುದರಲ್ಲಿ ಒಂದು ಶಾಸ್ತ್ರವೇ ಇದೆ. ಅದನ್ನು ತಿಳಿಯಲು ಎಲೆಕೋಸಿನ ಕಥೆಗೆ ಹೋಗಬೇಕು, ಯಾಕೆಂದರೆ ತರಕಾರಿ ಹುಳಿಯುವ ಬಗೆಯನ್ನು ವಿಜ್ಞಾನಿಗಳು ಹೆಚ್ಚು ಅಭ್ಯಾಸ ಮಾಡಿದ್ದು ಕೋಸಿನ ಮೇಲೆ. ಜರ್ಮನ್ನರ ಸೌರ್‌ಕ್ರೌಟ್ ಮಾಡುವುದು ಬಲು ಸರಳ. ಕೋಸನ್ನು ಸಣ್ಣಗೆ ಹೆರೆದು, ನೂರಕ್ಕೆ ಎರಡು-ಎರಡೂವರೆಯಷ್ಟು ತೂಕದ ಉಪ್ಪು ಹಾಕಿ ಮಿದ್ದು, ಪೀಪಾಯಿಗೆ ಒತ್ತಿ ತುಂಬಿ ಮೇಲೆ ಭಾರ ಇಡುತ್ತಾರೆ. ಉಪ್ಪು ಎಲೆಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಆ ನೀರಿನಲ್ಲಿ ಕೋಸು ಮುಳುಗುತ್ತದೆ, ಗಾಳಿ ಸಿಗದ ಕಡೆ ಕೊಳೆಸುವ ಜೀವಿಗಳು ಹಿಂದೆ ಸರಿದು ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಏಳುತ್ತವೆ. ಅವು ಹೊರಗಿನಿಂದ ಬರಬೇಕಿಲ್ಲ, ಎಲೆಯ ಮೇಲೇ ಇರುತ್ತವೆ. ಮೊದಲು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬುದು ಗಾಳಿಗುಳ್ಳೆ ಏಳಿಸುತ್ತ ಕೆಲಸ ಶುರು ಮಾಡುತ್ತದೆ. ತಾನೇ ಮಾಡಿದ ಹುಳಿ ತಾಳಲಾರದೆ ಅದು ಸೋತಾಗ, ಹೆಚ್ಚು ಹುಳಿ ತಡೆಯಬಲ್ಲ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಮುಂತಾದವು ಉಳಿದ ಕೆಲಸ ಮುಗಿಸುತ್ತವೆ. ಆಯಿ ಮೂರನೇ ದಿನ ಮೂಸಿ ‘ಎದ್ದದ’ ಎನ್ನುವುದೂ, ಆರನೇ ದಿನ ‘ಹದಾ ಆತು’ ಎನ್ನುವುದೂ ಇಂಥದೇ ಪಾಳಿ ಬದಲಾದದ್ದನ್ನು ಮೂಗಿನಿಂದ ಅಳೆದು ಇರಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಾರ್ಲ್ ಪೆಡರ್‌ಸನ್ ಎಂಬ ವಿಜ್ಞಾನಿ ದಶಕಗಳ ಕಾಲ ಸೌರ್‌ಕ್ರೌಟ್ ಅಭ್ಯಾಸ ಮಾಡಿದ. 1965ರಲ್ಲಿ ಇಡ್ಲಿ ಹಿಟ್ಟು ಉಬ್ಬುವುದು ಹೇಗೆಂದು ವಿವರಿಸಿದ ಪ್ರಬಂಧದ ಐವರು ಲೇಖಕರಲ್ಲಿ ಅವನೂ ಒಬ್ಬ, ಮೊದಲ ಹೆಸರು ಮುಖರ್ಜಿ ಎಂಬ ಭಾರತೀಯರದು. ಹಿಟ್ಟನ್ನು ಉಬ್ಬಿಸುವ ಜೀವಿ ಅದೇ ಲ್ಯೂಕೊನಾಸ್ಟಾಕ್ ಎಂದು ಆ ಪ್ರಬಂಧ ತೋರಿಸಿತು. 10ನೇ ಶತಮಾನದ ವಡ್ಡಾರಾಧನೆಯಲ್ಲಿ ಬರುವ ‘ಇಡ್ಡಲಿಗೆ’ಯ ವಂಶದ ತಿಂಡಿಯೂ ಜರ್ಮನ್ ರೈತನ ಪೀಪಾಯಿಯೂ ಒಂದೇ ಸೂಕ್ಷ್ಮಜೀವಿಯ ಕೆಲಸದ ಮನೆಗಳು. ಹಾಗೆ ನೋಡಿದರೆ ‘ನಮ್ಮ ಕಿಮ್ಚಿ’ ಎಂಬ ಮಾತಿಗೆ ಜೀವಶಾಸ್ತ್ರದ ಬೆಂಬಲವಿದೆ. ಆದರೆ ಅಷ್ಟರಿಂದ ಇಡ್ಲಿಯೂ ಕಿಮ್ಚಿಯೇ ಆಗಿಬಿಡುತ್ತದೆ!

ಕೋಸಿನ ಹುಳಿಗೆ ವಂಶಾವಳಿ ಕಟ್ಟುವವರು ಚೀನಾದ ಮಹಾಗೋಡೆ ಕಟ್ಟಿದ ಕೂಲಿಗಳು ಮದ್ಯದಲ್ಲಿ ನೆನೆಸಿದ ಕೋಸು ತಿನ್ನುತ್ತಿದ್ದರು, ಅದೇ ಯುರೋಪಿಗೆ ಹೋಯಿತು ಎನ್ನುತ್ತಾರೆ. ಕಥೆ ಚಂದ, ಆಧಾರ ತೆಳು. ಉಪ್ಪು, ಎಲೆ, ಮುಚ್ಚಿದ ಪಾತ್ರೆ ಇದ್ದ ಕಡೆಯೆಲ್ಲ ಇದು ತಾನಾಗಿ ಹುಟ್ಟಬಲ್ಲದು. ನೇಪಾಳದವರು ಉಪ್ಪೂ ಇಲ್ಲದೆ ಸಾಸಿವೆ ಎಲೆಯನ್ನು ಬಾಡಿಸಿ, ಒತ್ತಿಟ್ಟು ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿ ಗುಂದ್ರುಕ್ ಮಾಡುತ್ತಾರೆ. ಸೌರ್‌ಕ್ರೌಟ್‌ಗೆ ಗಟ್ಟಿ ದಾಖಲೆ ಸಿಗುವುದು ಹಡಗುಗಳಲ್ಲಿ. 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟ ಜೇಮ್ಸ್ ಕುಕ್ ಸಾವಿರಾರು ಪೌಂಡು ಸೌರ್‌ಕ್ರೌಟ್ ಒಯ್ದಿದ್ದ, ಸ್ಕರ್ವಿ ರೋಗಕ್ಕೆ ಮದ್ದೆಂದು. ನಾವಿಕರು ಮುಟ್ಟಲಿಲ್ಲ. ಅಧಿಕಾರಿಗಳ ಮೇಜಿಗೆ ದಿನಾಲೂ ಬಡಿಸಲು ಹೇಳಿದ. ದೊಡ್ಡವರು ತಿನ್ನುವುದನ್ನು ಕಂಡ ಮೇಲೆ ನಾವಿಕರು ತಾವಾಗಿಯೇ ಕೇಳಿ ತಿಂದರು. ಊಟದ ಇತಿಹಾಸದಲ್ಲಿ ಈ ಯುಕ್ತಿ ಮತ್ತೆ ಮತ್ತೆ ಕಾಣುತ್ತದೆ. ಹಾಸ್ಟೆಲ್ಲಿನ ನನ್ನ ಗೆಳತಿಯರೂ ಅದಕ್ಕೇ ಬಿದ್ದವರು.

ಅದೇ ಸ್ಕರ್ವಿಯ ಇನ್ನೊಂದು ಮದ್ದು ಲಿಂಬೆ. 1747ರಲ್ಲಿ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಬೇರ್ಪಡಿಸಿ ಬೇರೆ ಬೇರೆ ಮದ್ದು ಕೊಟ್ಟಾಗ, ಕಿತ್ತಳೆ-ನಿಂಬೆ ತಿಂದ ಇಬ್ಬರು ಬೇಗ ಎದ್ದರು. 1795ರಿಂದ ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡತೊಡಗಿತು. ಮುಂದೆ 19ನೇ ಶತಮಾನದಲ್ಲಿ ಮೆಡಿಟರೇನಿಯನ್ನಿನ ದೊಡ್ಡ ನಿಂಬೆ ಬಿಟ್ಟು ವೆಸ್ಟ್ ಇಂಡೀಸಿನ ಸಣ್ಣ ಲಿಂಬೆಗೆ ಹೊರಳಿದಾಗ ಮದ್ದಿನ ಬಲ ಕುಗ್ಗಿತು, 1875-76ರ ಆರ್ಕ್ಟಿಕ್ ಯಾತ್ರೆಯಲ್ಲಿ ಸ್ಕರ್ವಿ ಮರಳಿ ಬಂತು. ಆ ಸಣ್ಣ ಲಿಂಬೆಯ ಜಾತಿಯದೇ ನಮ್ಮ ಇಂಡಿಯ ಕಾಗಜಿ ಲಿಂಬೆ. ಇಂಡಿ ಲಿಂಬೆಗೆ ಈಚಿನ ವರ್ಷಗಳಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಲಿಂಬೆಗೆಂದೇ ಒಂದು ಅಭಿವೃದ್ಧಿ ಮಂಡಳಿ ಇಂಡಿಯಲ್ಲಿದೆ. ಸಂತೆಗೆ, ಲಾರಿಗೆ ಹೋಗುವ ಹಣ್ಣಿಗೆ ಕಾಗದ ಹುಟ್ಟುತ್ತದೆ. ಅದೇ ಹಣ್ಣಿನ ರಸ ಬಿದ್ದ ಗಡಿಗೆಗೆ ಹುಟ್ಟುವುದಿಲ್ಲ.

ಕಿಮ್ಚಿಯ ಇತಿಹಾಸ ಓದುವಾಗ ನನಗೆ ಹಿಡಿಸಿದ್ದು ಅದರ ಹಳೆತನಕ್ಕಿಂತ ಹೊಸತನ. ಉಪ್ಪಿನಲ್ಲಿಟ್ಟ ತರಕಾರಿ ಕೊರಿಯಾದಲ್ಲಿ ಬಹಳ ಹಿಂದಿನದು ನಿಜ, ಆದರೆ ಇಂದು ಕಿಮ್ಚಿ ಎಂದರೆ ಕಣ್ಣಿಗೆ ಕಟ್ಟುವ ಕೆಂಪು ಬಣ್ಣ ಹಾಗಲ್ಲ. ಮೆಣಸಿನಕಾಯಿ ಅಮೆರಿಕಾ ಖಂಡದ ಬೆಳೆ. ಕೊರಿಯಾದಲ್ಲಿ ಅದರ ಹೆಸರು 1614ರ ಒಂದು ಗ್ರಂಥದಲ್ಲಿ ಜಪಾನಿನಿಂದ ಬಂದ ವಸ್ತುವೆಂದು ಕಾಣುತ್ತದೆ. ಉದ್ದನೆಯ ಗಡ್ಡೆಕಟ್ಟುವ ಕೋಸು ಕಿಮ್ಚಿಯ ಮುಖ್ಯ ತರಕಾರಿಯಾದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ನಮ್ಮಲ್ಲೂ ಅಷ್ಟೇ. ಪೋರ್ತುಗೀಸರು ಗೋವೆಗೆ ಬಂದ ಮೇಲೆಯೇ ಮೆಣಸಿನಕಾಯಿ ದಖ್ಖನಿಗೆ ಹಬ್ಬಿದ್ದು. ಅದು ಹೊರಗಿನದೆಂದು ಭಾಷೆಯೇ ಸಾಕ್ಷಿ ಹೇಳುತ್ತದೆ. ಮೆಣಸು ಮೊದಲೇ ನಮ್ಮದಿತ್ತು, ಅದರಂತೆ ಖಾರವಾದ ಕಾಯಿ ಬಂದಾಗ ಮೆಣಸಿನಕಾಯಿ ಎಂದೆವು. 1508ರ ಸುಮಾರಿಗೆ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಬದನೆಕಾಯಿಗೇ ಪ್ರತ್ಯೇಕ ಅಧ್ಯಾಯವಿದೆ, ಮೆಣಸಿನಕಾಯಿಗೆ ಜಾಗವಿಲ್ಲ, ಕೋಸಿಗೂ ಇಲ್ಲ. ಅಂದರೆ ಖಾರ ಹಿಂಡಿ ಇಂದಿನ ರೂಪ ತಾಳಿದ್ದು ಅದರ ನಂತರವೇ ಇರಬೇಕು. ಅದಕ್ಕೂ ಮೊದಲು ಅಗಸಿ, ಸಾಸಿವೆ, ಮೆಣಸು ಹಾಕಿ ಹುಳಿಸಿದ ಒಂದು ಹಿಂಡಿ ಇದ್ದಿರಬಹುದು. ಇದ್ದಿರಬಹುದು ಎನ್ನುವುದಕ್ಕಿಂತ ಮುಂದೆ ನಾನು ಹೋಗಲಾರೆ. ಕರಿಂಡಿ, ಕಿಮ್ಚಿ ಎರಡೂ ಖಾರಗೊಂಡದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಸಾಗರವ್ಯಾಪಾರದ ದೆಸೆಯಿಂದ. ‘ಸಾವಿರಾರು ವರ್ಷಗಳ ಪರಂಪರೆ’ ಎಂದು ಎರಡರ ಮೇಲೂ ಚೀಟಿ ಹಚ್ಚುವವರು ಇದನ್ನು ನೆನೆಯಬೇಕು.

ಕೋಸಿಗೂ ನಮ್ಮ ಒಗ್ಗರಣೆಗೂ ಇರುವ ನಂಟು ಇನ್ನೂ ಹತ್ತಿರದ್ದು. ಜಪಾನಿನಲ್ಲಿ ಹುಟ್ಟಿದ, ಕೊರಿಯಾದ ತಂದೆಯ ಮಗ ವೂ ಜಾಂಗ್-ಚುನ್ 1935ರಲ್ಲಿ ಒಂದು ಪ್ರಬಂಧ ಬರೆದ. ಅದರ ಪ್ರಕಾರ ಎಲೆಕೋಸು, ಕೊರಿಯಾದ ಕೋಸು, ಕಪ್ಪು ಸಾಸಿವೆ ಈ ಮೂರು ಮೂಲ ಜಾತಿಗಳು. ಕಿಮ್ಚಿಯ ಕೋಸಿನ ಜಾತಿಯ ಹತ್ತು ವರ್ಣತಂತುಗಳೂ ಕಪ್ಪು ಸಾಸಿವೆಯ ಎಂಟೂ ಕೂಡಿ ಹದಿನೆಂಟಾಗಿ ನಾವು ಒಗ್ಗರಣೆಗೆ ಹಾಕುವ ಸಾಸಿವೆಯ ಜಾತಿ ಹುಟ್ಟಿತು. ಕೊರಿಯಾ ಸ್ವತಂತ್ರವಾದ ಮೇಲೆ, 1950ರಲ್ಲಿ ವೂ ಅಲ್ಲಿಗೆ ಹೋಗಿ ನೆಲೆಸಿ, ದೇಶ ತನ್ನ ಕೋಸಿನ ಬೀಜ ತಾನೇ ಬೆಳೆಯುವಂತೆ ಮಾಡಿದ. ಕಿಮ್ಚಿ ಇಂದಿನ ಕಿಮ್ಚಿಯಾಗಲು ಅಜ್ಜಿಯರ ಕೈಗುಣದಷ್ಟೇ ಒಬ್ಬ ತಳಿವಿಜ್ಞಾನಿಯ ಕೆಲಸವೂ ಕಾರಣ.

ಈಗ ಕಾರಣದ ಪ್ರಶ್ನೆ. ನವೆಂಬರ್-ಡಿಸೆಂಬರಿನಲ್ಲಿ ಕೊರಿಯಾದ ಮನೆಗಳವರು, ನೆರೆಹೊರೆಯವರು ಕೂಡಿ ರಾಶಿ ರಾಶಿ ಕೋಸಿಗೆ ಉಪ್ಪು ಹಾಕಿ ಕಿಮ್ಚಿ ಮಾಡುವ ಪದ್ಧತಿಗೆ ಕಿಮ್ಜಾಂಗ್ ಎಂದು ಹೆಸರು. ಅದನ್ನು ಮಣ್ಣಿನ ಭರಣಿಗಳಲ್ಲಿ ತುಂಬಿ ನೆಲದಲ್ಲಿ ಹೂಳುತ್ತಿದ್ದರು, ಹಿಮಕ್ಕೆ ಹೆಪ್ಪುಗಟ್ಟದಿರಲಿ, ತಂಪು ಹದವಾಗಿರಲಿ ಎಂದು. ಮುಂದಿನ ಮೂರ್ನಾಲ್ಕು ತಿಂಗಳು ಹಸಿರು ಕಾಣದ ಚಳಿಗಾಲ. ಸೌರ್‌ಕ್ರೌಟ್ ಪೀಪಾಯಿಯ ಕಾರಣವೂ ಅದೇ. ಇದನ್ನು ನಾನು ಸಿಂದಗಿಯ ಆ ಆಯಿಗೆ ವಿವರಿಸಿದಾಗ ಅವರು ಕೇಳಿದ ಪ್ರಶ್ನೆ: “ಅವರೂ ಹೊಲಕ್ಕ ಒಯ್ತಾರೇನು?” ಇಲ್ಲ, ಮನೆಯಲ್ಲೇ ಇಟ್ಟು ತಿನ್ನುತ್ತಾರೆ ಎಂದೆ. “ಹಂಗಾದ್ರ ಅದು ಬ್ಯಾರೆ” ಎಂದು ಮಾತು ಮುಗಿಸಿದರು.

ಬೇರೆ ಹೌದು. ಕರಿಂಡಿ ಕಟ್ಟುವುದು ಮಾರ್ಗಶಿರದ ಕೊನೆಯಲ್ಲಿ, ಅಂದರೆ ಡಿಸೆಂಬರ್-ಜನವರಿಯಲ್ಲಿ. ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ, ಅಗಸಿ ನಿಂತಿರುವ ಕಾಲ, ತರಕಾರಿ ಸಂತೆಗೆ ತುಂಬಿ ಬರುವ ಕಾಲ. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಮೇಲೆ ಚರಗ ಚೆಲ್ಲಿ, ಕಂಡವರನ್ನೆಲ್ಲ ಕರೆದು ಉಣ್ಣುವ ಹಬ್ಬ. ಕೊರತೆಗೆಂದು ಕೂಡಿಟ್ಟ ತಿನಿಸಲ್ಲ ಇದು, ಬೆಳೆ ಕಂಡ ಸಂತೋಷಕ್ಕೆ ಹುಳಿಸಿದ್ದು. ಕೂಡಿಡಬೇಕೆಂದರೂ ಇಲ್ಲಿ ಕೂಡಿಡಲಾಗದು. ಸೌರ್‌ಕ್ರೌಟ್‌ಗೆ ಹದಿನೆಂಟು ಡಿಗ್ರಿಯ ಆಸುಪಾಸು ಹಿತ. ನಲವತ್ತು ದಾಟುವ ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ಹಸಿ ಕಾಯಿಪಲ್ಲೆಯ ಗಡಿಗೆ ಎರಡು ದಿನಕ್ಕೆ ಕೆಟ್ಟು ನಾರುತ್ತದೆ. ಕರಿಂಡಿಗೆ ಚಳಿಯ ಆ ಕೆಲವೇ ವಾರಗಳು ಬೇಕು.

ನಮ್ಮ ಕೊರತೆಯ ಕಾಲ ಬೇಸಿಗೆ, ಅದಕ್ಕಿಂತ ಮಿಗಿಲಾಗಿ ಮಳೆ ಕೈಕೊಟ್ಟ ವರ್ಷ. ಅದಕ್ಕೆ ಇಲ್ಲಿಯವರ ಉತ್ತರ ಬಿಸಿಲು ಮತ್ತು ನೆಲ. ಬಿಸಿಲಿಗೆ ಚವಳಿಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗಿದವು. ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿದರು. ಕೊರಿಯಾದವರು ಹೂತದ್ದು ಕೋಸು, ನಾವು ಹೂತದ್ದು ಜೋಳ. ಕಿಮ್ಜಾಂಗಿನ ಭರಣಿಗೆ ನಮ್ಮಲ್ಲಿ ಜೋಡಿ ಹುಡುಕುವುದಾದರೆ ನಾನು ಹಗೇವನ್ನು ತೋರಿಸುತ್ತೇನೆ. ಹುಳಿಸಿ ಕೂಡಿಡುವುದಕ್ಕೇ ಜೋಡಿ ಬೇಕೆಂದರೆ ಕರಾವಳಿಗೆ, ಕಾಸರಗೋಡಿನ ಕಡೆಗೆ ಹೋಗಬೇಕು. ಅಲ್ಲಿ ಬೇಸಿಗೆಯ ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟ ‘ಉಪ್ಪು ಸೊಳೆ’ ಮಳೆಗಾಲದ ತಿಂಗಳುಗಳನ್ನು ದಾಟಿಸುತ್ತದೆ. ಹೊರಗೆ ಕಾಲಿಡಲಾಗದ ಮಳೆ ಅವರ ಚಳಿಗಾಲ. ನೋಟಕ್ಕೆ, ಖಾರಕ್ಕೆ ಕಿಮ್ಚಿಯನ್ನು ಹೋಲುವುದು ಕರಿಂಡಿ. ಹುಟ್ಟಿದ ಕಾರಣದಲ್ಲಿ ಹೋಲುವುದು ಉಪ್ಪು ಸೊಳೆ.

ಹಗೇವೂ ಬರಿದಾದ ವರ್ಷಗಳಿದ್ದವು. 1876-78ರ ಬರದಲ್ಲಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ, 1872ರಲ್ಲಿ ಎಂಟು ಲಕ್ಷ ದಾಟಿದ್ದುದು, 1881ರ ಗಣತಿಯಲ್ಲಿ ಆರೂವರೆ ಲಕ್ಷದೊಳಗೆ ಬಂತು. ಸತ್ತವರು, ಊರು ಬಿಟ್ಟವರು ಎಲ್ಲ ಕೂಡಿ. ಇಂಥ ನೆಲದಲ್ಲಿ ಉಳಿಸಿದ ಹುಳಿ ಯಾವುದೆಂದರೆ ಅಂಬಲಿ. ರಾತ್ರಿ ಜೋಳದ ಹಿಟ್ಟು ನೆನೆಸಿಟ್ಟು, ಹುಳಿ ಬಂದದ್ದನ್ನು ಬೆಳಗ್ಗೆ ಕಾಸಿ, ಮಜ್ಜಿಗೆ ಇದ್ದರೆ ಮಜ್ಜಿಗೆ, ಇಲ್ಲದಿದ್ದರೆ ನೀರು ಬೆರೆಸಿ ಕುಡಿಯುವುದು. ಒಂದು ಬೊಗಸೆ ಹಿಟ್ಟಿನಲ್ಲಿ ನಾಲ್ಕು ಹೊಟ್ಟೆ.

ಬರವಣಿಗೆಯಲ್ಲಿ ಈ ಹುಳಿಗಳು ಯಾಕಿಲ್ಲ ಎಂಬುದಕ್ಕೆ ಒಂದು ಸುಲಭದ ಉತ್ತರ, ಹೆಂಗಸರ ಕೆಲಸವನ್ನು ಯಾರೂ ಬರೆಯಲಿಲ್ಲ ಎಂಬುದು. ಅದು ನಿಜ, ಆದರೆ ಪೂರ್ತಿ ಅಲ್ಲ. ನಮ್ಮಲ್ಲಿ ಅಡುಗೆ ಬರೆದವರಿದ್ದಾರೆ. ಮಂಗರಸನಿದ್ದಾನೆ, ಅವನಿಗೂ ಮುಂಚೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವಿದೆ. 1594ರ ಗುರುಲಿಂಗ ದೇಶಿಕನ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಮಾತಿದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರೆದಿದ್ದಾರೆ. ಇವೆಲ್ಲ ಹೆಚ್ಚಾಗಿ ಅರಮನೆಯ, ಉಳ್ಳವರ ಪಂಕ್ತಿಗಳು. ಧರ್ಮಶಾಸ್ತ್ರದ ಕಣ್ಣಿನಲ್ಲಂತೂ ತಾನಾಗಿ ಹುಳಿತದ್ದು ಅಶುದ್ಧ. ಮನುಸ್ಮೃತಿಯ ಐದನೆಯ ಅಧ್ಯಾಯ ಹುಳಿತ ತಿನಿಸುಗಳನ್ನು ನಿಷೇಧಿಸಿ, ಮೊಸರು ಮತ್ತು ಅದರಿಂದಾದವು, ಹೂವು-ಬೇರು-ಹಣ್ಣಿನಿಂದಾದ ಕೆಲವಕ್ಕೆ ಮಾತ್ರ ರಿಯಾಯಿತಿ ಕೊಡುತ್ತದೆ. ತಂಗಳು, ಮುಸುರಿ, ಹಳಸಲು ಎಂಬ ಮಾತುಗಳಲ್ಲಿ ಆ ಅಂಜಿಕೆ ಇನ್ನೂ ಇದೆ. ಹಸಿದವನ ಊಟ ಮಾತ್ರ ಹುಳಿತದ್ದೇ.

ಈ ಗೆರೆಯನ್ನು ಅಳಿಸಿದ ಕಥೆ ನಮ್ಮಲ್ಲೇ ಇದೆ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ ಮಾದಾರ ಚೆನ್ನಯ್ಯನ ಹೆಸರು ಕೇಳದವರಿಲ್ಲ. ಚೋಳರಾಜನ ನೈವೇದ್ಯ ಬಿಟ್ಟು ಶಿವ ಚೆನ್ನಯ್ಯನ ಅಂಬಲಿ ಉಂಡ ಎಂಬ ಕಥೆ ಅದು. ಬಸವಣ್ಣನೇ ವಚನಗಳಲ್ಲಿ ಚೆನ್ನಯ್ಯನ ಮನೆಯವನೆಂದು ತನ್ನನ್ನು ಕರೆದುಕೊಳ್ಳುತ್ತಾನೆ. ಭಕ್ತಿಯ ಕಥೆಯಾಗಿ ಅದನ್ನು ಎಲ್ಲರೂ ಓದುತ್ತೇವೆ. ಆಹಾರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು, ಅಲ್ಲಿ ಆರಿಸಿಕೊಂಡ ತಿನಿಸು ಹಣ್ಣಲ್ಲ, ಹಾಲಲ್ಲ, ಅಂಬಲಿ ಎಂಬುದು. ಶಾಸ್ತ್ರ ದೂರವಿಟ್ಟ ಪಾತ್ರೆಗೇ ದೇವರ ಬಾಯಿ ತಾಗಿಸಿದ್ದಾರೆ.

ಹುಳಿಯ ವಾಸನೆಗೆ ಅವಮಾನ ಅಂಟಿಸುವುದು ನಮ್ಮೊಬ್ಬರ ಚಾಳಿಯೇನಲ್ಲ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಅಮೆರಿಕದವರು ಸೌರ್‌ಕ್ರೌಟ್ ಎಂಬ ಜರ್ಮನ್ ಹೆಸರೇ ಬೇಡವೆಂದು ಅದನ್ನು ‘ಸ್ವಾತಂತ್ರ್ಯದ ಕೋಸು’ ಎಂದು ಕರೆದರು, ತಿನ್ನುವುದನ್ನಂತೂ ಬಿಡಲಿಲ್ಲ. 2013ರಲ್ಲಿ ದಕ್ಷಿಣ ಕೊರಿಯಾದ, 2015ರಲ್ಲಿ ಉತ್ತರ ಕೊರಿಯಾದ ಕಿಮ್ಚಿ ಮಾಡುವ ಸಂಪ್ರದಾಯ ಯುನೆಸ್ಕೋ ಪಟ್ಟಿ ಸೇರಿತು. ಪಟ್ಟಿಗೆ ಸೇರಿದ್ದು ಕೂಡಿ ಮಾಡಿ ಹಂಚಿಕೊಳ್ಳುವ ಪದ್ಧತಿ. ಕರಿಂಡಿಗೆ ಅಂಥ ಪಟ್ಟಿ ಸಿಗಲಿ ಎಂದು ನನಗೇನೂ ಆತುರವಿಲ್ಲ. ನನ್ನ ಚಿಂತೆ ಇನ್ನೂ ಸಣ್ಣದು. ‘ನಮ್ಮ ಕಿಮ್ಚಿ’ ಎಂದು ಮಾರುವ ಬಾಟಲಿಯಲ್ಲಿ ವಿನೆಗರ್ ಸುರಿದು ಹುಳಿ ಬರಿಸಿದ್ದನ್ನು ಕಂಡಿದ್ದೇನೆ. ಹೆಸರು ಉಳಿದು ಹುದುಗು ಹೋದರೆ, ಮೂರನೇ ದಿನದ ವಾಸನೆಗೂ ಆರನೇ ದಿನದ ವಾಸನೆಗೂ ಇರುವ ಅಂತರ ಗೊತ್ತಿರುವ ಮೂಗುಗಳೂ ಹೋಗುತ್ತವೆ. ಕೊರಿಯಾದವರಲ್ಲಿ ಬೀಜ, ಉಪ್ಪಿನ ಪ್ರಮಾಣ, ಉಷ್ಣತೆ ಎಲ್ಲ ದಾಖಲಾಗಿವೆ. ನಮ್ಮ ಕಡೆ ಅಗಸಿ ಬಿತ್ತುವ ಮನೆಗಳನ್ನೇ ಹುಡುಕಬೇಕಾಗಿದೆ. ಕೇಳಿದವರಲ್ಲಿ ಹೆಚ್ಚಿನವರು ಅಗಸಿಯನ್ನು ಈಗ ಅಂಗಡಿಯಿಂದ ತರುತ್ತಾರೆ. ಕಿಮ್ಚಿಯಲ್ಲಿ ಅಕ್ಕಿ ಗಂಜಿ ಮಾಡುವ ಕೆಲಸವನ್ನು ಕರಿಂಡಿಯಲ್ಲಿ ಅಗಸಿ ಮಾಡುತ್ತದೆ. ತರಕಾರಿ ಬಿಟ್ಟ ನೀರನ್ನು ಅದರ ಲೋಳೆ ಹಿಡಿದುಕೊಂಡು ಖಾರವನ್ನು ಹೋಳಿಗೆ ಅಂಟಿಸುತ್ತದೆ. ಅಗಸಿ ಇಲ್ಲದ್ದು ಕರಿಂಡಿ ಅಲ್ಲ, ಖಾರದ ನೀರು.

ಆಲಮಟ್ಟಿಯ ನೀರು ಕಾಲುವೆಗೆ ಬಂದ ಮೇಲೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕೆಲವು ಹಳ್ಳಿಗಳಲ್ಲಿ ಒಂದು ಹೊಸ ತರಕಾರಿಯೂ ಗಡಿಗೆಗೆ ಇಳಿದಿದೆ. ಮರಾಠಿಯಂತೆ ನಾವೂ ಕೋಬಿ ಎನ್ನುವ, ಪೋರ್ತುಗೀಸರ ‘ಕೋವ್’ನಿಂದ ಆ ಹೆಸರು ಪಡೆದ ಎಲೆಕೋಸು. ಕಿಮ್ಚಿಯ ಹೆಸರೇ ಕೇಳದ ಒಬ್ಬ ಹೆಣ್ಣುಮಗಳು ಮುದ್ದೇಬಿಹಾಳದ ಹತ್ತಿರ ನನಗೆ ಅದನ್ನು ಬಡಿಸಿದರು. ಸಂತೆಯಲ್ಲಿ ಸೋವಿ ಸಿಕ್ಕಿತು, ಹಾಕಿದೆ ಎಂದರು. ರುಚಿ ಹೇಗೆ ಎಂದು ಅವರೇ ಕೇಳಿದರು, ಚಲೋ ಐತಿ ಎಂದೆ. “ಚಲೋನ ಐತಿ, ಆದ್ರ ನೀರ ಭಾಳ ಬಿಡತೈತಿ ನೋಡ್ರಿ. ಮುಂದಿನ ಸಲ ಅಗಸಿ ಒಂದ ಹಿಡಿ ಹೆಚ್ಚಿಗಿ ಹಾಕತೀನಿ.”